ಹಳೆಯ ಲಾರಿಯಲ್ಲಿ ಬಂದುಹೋಗುವ ಡೀಸೆಲ್ ತೊಂದರೆ: ಟ್ಯಾಂಕಿನಿಂದ ನೋಝಲ್‌ವರೆಗೆ ಹುಡುಕುವ ಕ್ರಮ

ಕಾಸರಗೋಡು ಜಿಲ್ಲೆಯ ಮುಳ್ಳೇರಿಯ ದಾಟಿ ಜಾಲ್ಸೂರಿನ ಕಡೆಗೆ ಹೋಗುವ ಚಡವಿನಲ್ಲಿ ಕೆಂಪುಕಲ್ಲು ತುಂಬಿದ ಹಳೆಯ ಲಾರಿಯೊಂದು ಚೆನ್ನಾಗಿಯೇ ಏರುತ್ತಿರುತ್ತದೆ. ನಡುವೆ ಎಳೆತ ಕುಗ್ಗುತ್ತದೆ, ಆಕ್ಸಿಲರೇಟರನ್ನು ಪೂರ್ತಿ ಒತ್ತಿದರೂ ಎಂಜಿನ್ ಮಾತು ಕೇಳುವುದಿಲ್ಲ, ಎರಡು ಬಾರಿ ಮುಗ್ಗರಿಸಿ ನಿಂತುಬಿಡುತ್ತದೆ. ಚಾಲಕ ಇಳಿದು ಹ್ಯಾಂಡ್ ಪಂಪನ್ನು ಇಪ್ಪತ್ತು ಸಲ ಒತ್ತಿದರೆ ಮತ್ತೆ ಹೊರಡುತ್ತದೆ. ಮುಂದಿನ ಎರಡು ದಿನ ಏನೂ ಆಗಿಲ್ಲವೆಂಬಂತೆ ಓಡುತ್ತದೆ. ಗ್ಯಾರೇಜಿಗೆ ಒಯ್ದ ದಿನ ಅದರಷ್ಟು ಸಾಧು ಗಾಡಿ ಇನ್ನೊಂದಿರುವುದಿಲ್ಲ. ಹೀಗೆ ಬಂದುಹೋಗುವ ತೊಂದರೆಯನ್ನು ಹುಡುಕುವಾಗ ನಮ್ಮಲ್ಲಿ ಹೆಚ್ಚಿನವರು ಮೊದಲು ಕೈ ಹಾಕುವುದು ಡೀಸೆಲ್ ಪಂಪಿಗೆ, ಏಕೆಂದರೆ ಅದು ದೊಡ್ಡದು, ದುಬಾರಿ, ನಿಗೂಢ. ಆದರೆ ನನ್ನ ಅನುಭವದಲ್ಲಿ ತಪ್ಪು ಸಿಗುವುದು ಬಹುಪಾಲು ಟ್ಯಾಂಕಿನ ಬಾಯಿಂದ, ಡೀಸೆಲ್ ಎಳೆದುಕೊಡುವ ಫೀಡ್ ಪಂಪಿನವರೆಗಿನ ಎರಡು ಮೂರು ಮೀಟರ್ ಉದ್ದದ, ಯಾರೂ ಗಮನಿಸದ ಪೈಪಿನ ದಾರಿಯಲ್ಲಿ. ಆದ್ದರಿಂದ ಇಲ್ಲಿ ಹೇಳುವ ಕ್ರಮ ಆ ಕಡೆಯಿಂದಲೇ ಆರಂಭವಾಗಿ, ಪಂಪನ್ನು ಬಿಚ್ಚುವ ಕೆಲಸವನ್ನು ಕೊನೆಗೆ ಇಟ್ಟುಕೊಂಡಿದೆ.

ಈ ಬರಹ ಯಾಂತ್ರಿಕ ಇನ್‌ಲೈನ್ ಪಂಪು ಇರುವ ಹಳೆಯ ಗಾಡಿಗಳಿಗೆ ಮಾತ್ರ ಅನ್ವಯಿಸುತ್ತದೆ: ಹಳೆಯ ಟಾಟಾ 1210, 1612, 1986ರಲ್ಲಿ ಮಾರುಕಟ್ಟೆಗೆ ಬಂದ 407ರ ಮೊದಲ ತಲೆಮಾರುಗಳು, ಅದೇ ಕಾಲದ ಅಶೋಕ್ ಲೇಲ್ಯಾಂಡ್‌ಗಳು. ಪಂಪಿನ ಪಕ್ಕದಲ್ಲಿಯೇ ಕೈಯಿಂದ ಒತ್ತುವ ಪ್ರೈಮರ್ (ಹ್ಯಾಂಡ್ ಪಂಪು) ಇರುವ ಫೀಡ್ ಪಂಪು, ಅದರ ನಂತರ ಒಂದೋ ಎರಡೋ ಫಿಲ್ಟರ್, ಅಲ್ಲಿಂದ ಇಂಜೆಕ್ಷನ್ ಪಂಪು (ಮೇಲೆ ಹೇಳಿದ ಡೀಸೆಲ್ ಪಂಪು ಇದೇ), ಅಲ್ಲಿಂದ ಒಂದೊಂದು ಸಿಲಿಂಡರಿನ ನೋಝಲ್‌ಗೆ, ಅಂದರೆ ಡೀಸೆಲ್ ಚಿಮ್ಮಿಸುವ ಮೂತಿಗೆ, ಒಂದೊಂದು ಉಕ್ಕಿನ ಪೈಪು: ಇದು ಅವುಗಳ ಸಾಮಾನ್ಯ ರಚನೆ. 1951ರಲ್ಲಿ ಆರಂಭವಾದ ಬೆಂಗಳೂರಿನ ಮೈಕೋ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ಇಂದಿಗೂ ಅದು ಮೈಕೋ ಪಂಪೇ. ಎಲ್ಲ ನೋಝಲ್‌ಗಳಿಗೂ ಒಂದೇ ಕೊಳವೆಯಿಂದ ಅತಿ ಒತ್ತಡದ ಡೀಸೆಲ್ ಹೋಗುವ ಹೊಸ ಕಾಮನ್ ರೈಲ್ ಗಾಡಿಗಳಿಗೆ ಈ ವಿಧಾನಗಳನ್ನು ಬಳಸಲೇಬಾರದು. ಅವುಗಳಲ್ಲಿ ಎಂಜಿನ್ ಓಡುತ್ತಿರುವಾಗ ನೋಝಲ್ ಪೈಪಿನ ನಟ್ಟನ್ನು ಸಡಿಲಿಸುವುದು ಪ್ರಾಣಾಪಾಯದ ಕೆಲಸ.

ಸ್ಪ್ಯಾನರ್ ಹಿಡಿಯುವ ಮೊದಲು ನೋಟ್‌ಬುಕ್

ಬಂದುಹೋಗುವ ತೊಂದರೆಗೆ ಒಂದು ಸಮಯ, ಒಂದು ಸ್ಥಳ, ಒಂದು ಸ್ಥಿತಿ ಇದ್ದೇ ಇರುತ್ತದೆ. ಅದನ್ನು ಬಲ್ಲವನು ಚಾಲಕ; ಆದರೆ ಆತ ಅದನ್ನು ತಾನಾಗಿ ಹೇಳುವುದಿಲ್ಲ, ಕೇಳಿ ಹೊರಡಿಸಬೇಕು. ಒಂದು ವಾರ ಕಾಲ ಕ್ಯಾಬಿನ್ನಿನಲ್ಲಿ ಸಣ್ಣ ನೋಟ್‌ಬುಕ್ ಇಟ್ಟು, ಪ್ರತಿ ಬಾರಿ ಎಂಜಿನ್ ಕುಗ್ಗಿದಾಗ ಐದು ವಿಷಯ ಬರೆಯಲು ಹೇಳಿ: ಟ್ಯಾಂಕಿನಲ್ಲಿ ಎಷ್ಟು ಡೀಸೆಲ್ ಇತ್ತು, ಹೊರಟು ಎಷ್ಟು ನಿಮಿಷವಾಗಿತ್ತು, ಏರುದಾರಿಯೋ ಸಮತಟ್ಟೋ, ಲೋಡ್ ಇತ್ತೋ ಇಲ್ಲವೋ, ಹೊಗೆ ಯಾವ ಬಣ್ಣದ್ದು. ಮತ್ತೆ ಸ್ಟಾರ್ಟ್ ಆಗಲು ಏನು ಮಾಡಬೇಕಾಯಿತು ಎಂಬುದನ್ನೂ ಬರೆಸಿದರೆ ಇನ್ನೂ ಒಳ್ಳೆಯದು. ಹ್ಯಾಂಡ್ ಪಂಪು ಒತ್ತಿದ ಮೇಲೆ ಹೊರಟಿತೋ, ಸುಮ್ಮನೆ ಹತ್ತು ನಿಮಿಷ ನಿಲ್ಲಿಸಿದರೆ ಸಾಕಾಯಿತೋ, ಟ್ಯಾಂಕಿನ ಮುಚ್ಚಳ ತೆಗೆದಾಗ ಸರಿಯಾಯಿತೋ ಎಂಬ ಮೂರು ಉತ್ತರಗಳು ಮೂರು ಬೇರೆ ಬೇರೆ ರೋಗಗಳನ್ನು ತೋರಿಸುತ್ತವೆ.

ಹೊಗೆಯನ್ನು ಓದುವುದು ಕಷ್ಟವಲ್ಲ. ಎಳೆತ ಕಡಿಮೆಯಾದಾಗ ಹೊಗೆಯೂ ಕಡಿಮೆಯಾದರೆ ಎಂಜಿನ್ನಿಗೆ ಡೀಸೆಲ್ ಸಾಲುತ್ತಿಲ್ಲ ಎಂದು ಅರ್ಥ, ನಾವು ಸರಿಯಾದ ದಾರಿಯಲ್ಲಿದ್ದೇವೆ. ಎಳೆತ ಕಡಿಮೆಯಾಗಿ ಕಪ್ಪು ಹೊಗೆ ದಟ್ಟವಾಗಿ ಬಂದರೆ ಡೀಸೆಲ್ ಹೋಗುತ್ತಿದೆ, ಗಾಳಿ ಸಾಲುತ್ತಿಲ್ಲ. ಕಲ್ಲುಕೋರೆಯ ಕೆಂಪು ಧೂಳಿನಿಂದ ಕಟ್ಟಿಹೋದ ಏರ್ ಫಿಲ್ಟರನ್ನು ಮೊದಲು ನೋಡಬೇಕು. ಮುಗ್ಗರಿಸುತ್ತಾ ಬಿಳಿ ಹೊಗೆ ಉಗುಳಿದರೆ ಡೀಸೆಲ್ಲಿನ ಜೊತೆ ಗಾಳಿ ಅಥವಾ ನೀರು ಸೇರಿರುವ ಸಾಧ್ಯತೆ ಹೆಚ್ಚು. ಎಷ್ಟೋ ಸಲ ಏರ್ ಫಿಲ್ಟರಿನ ತಪ್ಪಿಗೆ ಡೀಸೆಲ್ ಪಂಪನ್ನು ಬಿಚ್ಚಿಸಿದವರನ್ನು ನಾನು ಕಂಡಿದ್ದೇನೆ.

ಅದೇ ಹೊತ್ತಿನಲ್ಲಿ ಎಂಜಿನ್ ನಿಲ್ಲಿಸುವ ಸ್ಟಾಪ್ ಕೇಬಲ್ ಮತ್ತು ಆಕ್ಸಿಲರೇಟರ್ ಕಡ್ಡಿಯನ್ನೂ ನೋಡಿ ಮುಗಿಸಿ. ಸ್ಟಾಪ್ ಕೇಬಲ್ಲಿನ ಹೊರಗವಚ ತುಕ್ಕು ಹಿಡಿದಿದ್ದರೆ ಪಂಪಿನ ಮೇಲಿನ ಲಿವರ್ ಪೂರ್ತಿ ಹಿಂದಿರುಗದೆ, ರಸ್ತೆಯ ಗುಂಡಿಗಳ ಕುಲುಕಾಟಕ್ಕೆ ಅರ್ಧ ಮುಚ್ಚಿದ ಸ್ಥಿತಿಗೆ ಜಾರುತ್ತದೆ. ಕೇಬಲ್ಲಿನ ಬದಲು ವಿದ್ಯುತ್ತಿನಿಂದ ನಿಲ್ಲಿಸುವ ಸಾಲೆನಾಯ್ಡ್ ಇರುವ ಗಾಡಿಯಾದರೆ ಅದರ ವಯರಿನ ತುದಿಯನ್ನು ಅಲುಗಿಸಿ ನೋಡಿ. ಒಬ್ಬರು ಪೆಡಲನ್ನು ಪೂರ್ತಿ ಒತ್ತಿ ಹಿಡಿದಾಗ ಇನ್ನೊಬ್ಬರು ಪಂಪಿನ ಲಿವರ್ ತನ್ನ ತಡೆಸ್ಕ್ರೂವಿಗೆ ತಾಗುತ್ತದೆಯೇ ಎಂದು ಕಣ್ಣಾರೆ ಕಾಣಬೇಕು. ಇವೆಲ್ಲ ಹತ್ತು ನಿಮಿಷದ ಕೆಲಸ.

ಗಡಿಯ ಅಭ್ಯಾಸವೂ ಅರ್ಧ ಟ್ಯಾಂಕಿನ ರೋಗವೂ

ಕಾಸರಗೋಡಿನ ಲಾರಿಗಳಿಗೆ ನಮ್ಮದೇ ಆದ ಒಂದು ಅಭ್ಯಾಸವಿದೆ. ಡೀಸೆಲ್ ಕರ್ನಾಟಕದಲ್ಲಿ ಅಗ್ಗ, ಕೇರಳದಲ್ಲಿ ದುಬಾರಿ ಆಗಿರುವುದರಿಂದ ಗಡಿಯ ತಲಪಾಡಿಯಿಂದಲೋ, ಅಡ್ಕಸ್ಥಳದಿಂದಲೋ, ಗಾಳಿಮುಖದಿಂದಲೋ ಆಚೆ ಬಾಡಿಗೆ ಸಿಗುವವರೆಗೆ ಟ್ಯಾಂಕನ್ನು ತಳ ಕಾಣುವಷ್ಟು ಇಳಿಸಿಕೊಂಡು ಓಡಿಸುತ್ತೇವೆ. ನಡುವೆ ಅನಿವಾರ್ಯವಾದರೆ ಇಲ್ಲಿನ ಬಂಕಿನಲ್ಲಿ ಸಾವಿರ ರೂಪಾಯಿಯದ್ದು ಮಾತ್ರ ಹಾಕಿಸುತ್ತೇವೆ. ಲೆಕ್ಕದ ಪುಸ್ತಕಕ್ಕೆ ಇದು ಸರಿ. ಆದರೆ ತಳದಲ್ಲಿ ಕುಳಿತ ನೀರು, ತುಕ್ಕು, ಕೊಳೆ ಎಲ್ಲವೂ ಕಲಕಿ ಮೇಲೇಳುವುದು ಡೀಸೆಲ್ ಕಡಿಮೆ ಇದ್ದಾಗಲೇ. ಏರುದಾರಿಯಲ್ಲಿ ಉಳಿದ ಡೀಸೆಲ್ ಟ್ಯಾಂಕಿನ ಹಿಂಬದಿಗೆ ಸರಿದು, ಹೀರುವ ಪೈಪಿನ ಬಾಯಿ ಗಾಳಿಗೆ ತೆರೆದುಕೊಳ್ಳುವುದೂ ಆಗಲೇ.

ನನ್ನ 407ರಲ್ಲಿ ನಾನು ಕಲಿತ ಪಾಠ ಇದೇ. ಚೆರ್ಕಳದ ಹತ್ತಿರ ಒಂದು ದಿನ ನಿಂತಿತು, ನಾಲ್ಕು ದಿನ ಸುಮ್ಮನಿತ್ತು, ಪೆರ್ಲದಲ್ಲಿ ಮತ್ತೆ ನಿಂತಿತು. ಪಂಪು ಬಿಚ್ಚಿ ಕ್ಯಾಲಿಬ್ರೇಷನ್‌ಗೆ ಕಳುಹಿಸಿದೆವು, ನೋಝಲ್ ಬದಲಾಯಿಸಿದೆವು, ಲಾರಿ ಹದಿನೈದು ದಿನ ಮನೆಯಂಗಳದಲ್ಲಿ ಕುಳಿತಿತು. ಪಂಪು ಜೋಡಿಸಿದ ದಿನ ಸಂತೋಷಕ್ಕೆ ಟ್ಯಾಂಕ್ ತುಂಬಿಸಿದ್ದರಿಂದ ತೊಂದರೆ ಮಾಯವಾಯಿತು, ಪಂಪೇ ಕಾರಣವಾಗಿತ್ತೆಂದು ನಂಬಿದೆವು. ಡೀಸೆಲ್ ಅರ್ಧಕ್ಕಿಂತ ಕೆಳಗಿಳಿದ ಕೂಡಲೇ ಅದೇ ಕಥೆ. ಕೊನೆಗೆ ಟ್ಯಾಂಕಿನೊಳಗಿನ ಹೀರುವ ಪೈಪನ್ನು ಹೊರತೆಗೆದು ನೋಡಿದರೆ, ಮೇಲಿನ ಫ್ಲ್ಯಾಂಜಿನಿಂದ ನಾಲ್ಕು ಬೆರಳು ಕೆಳಗೆ ಬೆಸುಗೆಯ ಹತ್ತಿರ ಕೂದಲೆಳೆಯಷ್ಟು ಬಿರುಕು. ಟ್ಯಾಂಕ್ ತುಂಬಿದ್ದಾಗ ಆ ಬಿರುಕು ಡೀಸೆಲ್ಲಿನೊಳಗೆ ಮುಳುಗಿರುತ್ತದೆ, ಎಳೆದರೂ ಡೀಸೆಲ್ಲೇ ಬರುತ್ತದೆ. ಮಟ್ಟ ಅದಕ್ಕಿಂತ ಕೆಳಗಿಳಿದಾಗ ಎಂಜಿನ್ ಗಾಳಿಯನ್ನು ಕುಡಿಯತೊಡಗುತ್ತದೆ. ನೋಟ್‌ಬುಕ್ಕಿನಲ್ಲಿ ಡೀಸೆಲ್ ಮಟ್ಟದ ಒಂದು ಕಾಲಂ ಇದ್ದಿದ್ದರೆ ಆ ಹದಿನೈದು ದಿನವೂ ಉಳಿಯುತ್ತಿತ್ತು, ಖರ್ಚೂ ಉಳಿಯುತ್ತಿತ್ತು.

ಆದ್ದರಿಂದ ಮೊದಲ ಪರೀಕ್ಷೆ ಖರ್ಚಿಲ್ಲದ್ದು: ಎರಡು ದಿನ ಟ್ಯಾಂಕನ್ನು ಪೂರ್ತಿ ತುಂಬಿಸಿ ಓಡಿಸಿ, ಮುಂದಿನ ಎರಡು ದಿನ ಕಾಲು ಭಾಗದಲ್ಲಿ ಓಡಿಸಿ. ತೊಂದರೆ ಮಟ್ಟದ ಜೊತೆಗೆ ಬಂದುಹೋಗುತ್ತಿದ್ದರೆ ಹುಡುಕಾಟ ಟ್ಯಾಂಕಿನೊಳಗೆ.

ಟ್ಯಾಂಕಿನ ನಾಲ್ಕು ಗುಟ್ಟುಗಳು

ಮುಚ್ಚಳದ ಉಸಿರುರಂಧ್ರವನ್ನು ಮೊದಲು ನೋಡಿ. ಡೀಸೆಲ್ ಹೊರಹೋದಷ್ಟು ಗಾಳಿ ಒಳಬರಬೇಕು. ಮಣ್ಣು ಮೆತ್ತಿ ಆ ರಂಧ್ರ ಮುಚ್ಚಿದರೆ ಟ್ಯಾಂಕಿನೊಳಗೆ ನಿರ್ವಾತ ಬೆಳೆದು, ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಆದ ಮೇಲೆ ಫೀಡ್ ಪಂಪು ಎಳೆಯಲಾರದೆ ಸೋಲುತ್ತದೆ. ಎಂಜಿನ್ ಕುಗ್ಗಿದ ಕ್ಷಣವೇ ಮುಚ್ಚಳ ತಿರುಗಿಸಿದಾಗ ‘ಸುಯ್’ ಎಂದು ಗಾಳಿ ಒಳನುಗ್ಗಿದರೆ ರೋಗ ಅಲ್ಲಿಯೇ ಇದೆ. ಕಳೆದುಹೋದ ಮುಚ್ಚಳದ ಬದಲು ಸಿಕ್ಕಿದ ಬೇರೆ ಮುಚ್ಚಳವನ್ನೋ, ಪ್ಲಾಸ್ಟಿಕ್ ಕಟ್ಟಿದ ಬಟ್ಟೆಯನ್ನೋ ತುರುಕಿದ ಗಾಡಿಗಳಲ್ಲಿ ಇದು ಸಾಮಾನ್ಯ.

ಎರಡನೆಯದು ತೇಲುವ ಕಸ. ಬಂಕಿನಲ್ಲಿ ಹರಿದ ಸೀಲಿನ ತುಂಡು, ಕ್ಯಾನಿನಿಂದ ಸುರಿದಾಗ ಬಿದ್ದ ಎಲೆ, ಹಳೆಯ ಗ್ಯಾಸ್ಕೆಟ್ಟಿನ ಚೂರು ಇವುಗಳಲ್ಲಿ ಯಾವುದಾದರೂ ಹೀರುವ ಪೈಪಿನ ಬಾಯಿಗೆ ಬಂದು ಅಂಟಿಕೊಳ್ಳುತ್ತದೆ. ಎಂಜಿನ್ ನಿಂತಾಗ ಎಳೆತ ತಪ್ಪಿ ಅದು ಕಳಚಿ ದೂರ ತೇಲುತ್ತದೆ, ಹತ್ತು ನಿಮಿಷದ ನಂತರ ಲಾರಿ ಏನೂ ಆಗದಂತೆ ಹೊರಡುತ್ತದೆ. ‘ಸುಮ್ಮನೆ ನಿಲ್ಲಿಸಿದರೆ ಸರಿಯಾಗುತ್ತದೆ’ ಎಂದು ಚಾಲಕ ಹೇಳಿದರೆ ಇದನ್ನೇ ಸಂಶಯಿಸಬೇಕು. ಹೀರುವ ಪೈಪಿನ ಜಾಲರಿಯನ್ನು ಹೊರತೆಗೆದು, ಟಾರ್ಚ್ ಹಿಡಿದು ಟ್ಯಾಂಕಿನ ಒಳಗನ್ನು ನೋಡದೆ ಬೇರೆ ದಾರಿಯಿಲ್ಲ. ಒಳನೋಡಲು ಬೆಂಕಿಕಡ್ಡಿಯನ್ನೋ ಲೈಟರನ್ನೋ ಬಳಸುವ ಧೈರ್ಯ ಯಾರಿಗೂ ಬೇಡ.

ಮೂರನೆಯದು ಈಗಾಗಲೇ ಹೇಳಿದ ಬಿರುಕು. ಪೈಪನ್ನು ಹೊರತೆಗೆದು ಕೆಳಬಾಯನ್ನು ಬೆರಳಿನಿಂದ ಮುಚ್ಚಿ, ಬಕೆಟ್ ನೀರಿನಲ್ಲಿ ಮುಳುಗಿಸಿ, ಇನ್ನೊಂದು ತುದಿಯಿಂದ ಬಾಯಲ್ಲಿ ಊದಿದರೆ ಗುಳ್ಳೆ ತಾನಾಗಿ ತೋರಿಸಿಕೊಡುತ್ತದೆ.

ನಾಲ್ಕನೆಯದು ನೀರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಜಿಲ್ಲೆಯಲ್ಲಿ ಬೀಳುವ ಮಳೆಯ ಬಗ್ಗೆ ಓದುಗರಿಗೆ ಹೇಳಬೇಕಾಗಿಲ್ಲ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಅರ್ಧ ಖಾಲಿ ಟ್ಯಾಂಕಿನ ಒಳಗೋಡೆಯ ಮೇಲೆ ತೇವದ ಗಾಳಿ ತಣಿದು ಹನಿಯಾಗಿ ಇಳಿಯುತ್ತದೆ. ಕೋರೆಯಲ್ಲಿ ಜೆಸಿಬಿಗಾಗಿ ಇಟ್ಟ ಬ್ಯಾರಲ್ಲಿನ ಮೇಲ್ತಟ್ಟೆಯಲ್ಲಿ ನಿಂತ ನೀರು ಸಡಿಲ ಬಿರಡೆಯ ಮೂಲಕ ಒಳಸೇರಿ, ಆ ಬ್ಯಾರಲ್ಲಿನಿಂದ ಲಾರಿಗೂ ಬರುತ್ತದೆ. ಡೀಸೆಲ್ ನೀರಿಗಿಂತ ಹಗುರ, ಅದರ ಸಾಂದ್ರತೆ ಸುಮಾರು 0.82ರಿಂದ 0.85, ಹಾಗಾಗಿ ನೀರು ತಳದಲ್ಲಿ ಕುಳಿತು, ಗಾಡಿ ಕುಲುಕಿದಾಗ ಮಾತ್ರ ಗುಟುಕು ಗುಟುಕಾಗಿ ಹೀರಲ್ಪಡುತ್ತದೆ. ತೊಂದರೆ ಬಂದುಹೋಗುವಂತೆ ಕಾಣುವುದು ಇದರಿಂದ. ಪರೀಕ್ಷೆಗೆ ರಾತ್ರಿಯಿಡೀ ನಿಂತ ಲಾರಿಯನ್ನು ಅಲುಗಿಸದೆ, ಬೆಳಿಗ್ಗೆ ಮೊದಲು ಟ್ಯಾಂಕಿನ ತಳದ ಪ್ಲಗ್ಗನ್ನು ಸಡಿಲಿಸಿ ಅರ್ಧ ಲೀಟರ್ ದ್ರವವನ್ನು ಪಾರದರ್ಶಕ ಬಾಟಲಿಗೆ ಹಿಡಿಯಿರಿ, ಹದಿನೈದು ನಿಮಿಷ ಇಡಿ. ಕೆಳಗೆ ಗೆರೆ ಎಳೆದಂತೆ ಬೇರ್ಪಟ್ಟ ಪದರ ಕಂಡರೆ ಅದು ನೀರು. ಆ ಗೆರೆಯ ಮೇಲೆ ಕಂದು ಅಥವಾ ಕಪ್ಪು ಲೋಳೆ ತೇಲುತ್ತಿದ್ದರೆ ನೀರು ಬಹಳ ಕಾಲದಿಂದ ಇದೆ; ನೀರು ಡೀಸೆಲ್ ಸೇರುವ ಅಂಚಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದಿವೆ. ಆಗ ಫಿಲ್ಟರ್ ಬದಲಾಯಿಸಿದರೂ ವಾರದೊಳಗೆ ಮತ್ತೆ ಕಟ್ಟುತ್ತದೆ. ಟ್ಯಾಂಕನ್ನು ಇಳಿಸಿ, ತೊಳೆದು, ಪೂರ್ತಿ ಒಣಗಿಸಲೇಬೇಕು. ತೊಳೆದ ಟ್ಯಾಂಕಿಗೆ ಬೆಸುಗೆ ಬೇಕಾದರೆ ಅದನ್ನು ಅನುಭವಸ್ಥರಿಗೆ ಮಾತ್ರ ಕೊಡಿ. ಖಾಲಿಯಾಗಿ ಕಂಡರೂ ಒಳಗೆ ಉಳಿದ ಆವಿ ಸಿಡಿಯುತ್ತದೆ.

ಗಾಳಿ ಎಲ್ಲಿಂದ ಬರುತ್ತದೆ

ಟ್ಯಾಂಕ್ ನಿರ್ದೋಷಿಯಾದರೆ ಮುಂದಿನದು ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪು. ಇಲ್ಲಿ ಒಂದು ಮಾತನ್ನು ಮನಸ್ಸಿಗೆ ತಂದುಕೊಳ್ಳದೆ ಹುಡುಕಿದರೆ ದಿನಗಟ್ಟಲೆ ಹುಡುಕಬೇಕಾದೀತು. ಫೀಡ್ ಪಂಪಿನ ನಂತರದ ದಾರಿಯಲ್ಲಿ ಒತ್ತಡವಿದೆ, ಅಲ್ಲಿ ಸೋರಿದರೆ ಡೀಸೆಲ್ ಹೊರಗೆ ಹನಿಯುತ್ತದೆ, ಕಣ್ಣಿಗೆ ಕಾಣುತ್ತದೆ. ಫೀಡ್ ಪಂಪಿನ ಮೊದಲಿನ ದಾರಿಯಲ್ಲಿರುವುದು ಎಳೆತ. ಅಲ್ಲಿ ಸೋರಿದರೆ ಎಂಜಿನ್ ಓಡುವಾಗ ಡೀಸೆಲ್ ಹೊರಬರುವುದಿಲ್ಲ, ಹೊರಗಿನ ಗಾಳಿ ಒಳಹೋಗುತ್ತದೆ. ‘ಎಲ್ಲಿಯೂ ಒಂದು ಹನಿ ಸೋರಿಕೆ ಇಲ್ಲ’ ಎಂದು ಮೆಕ್ಯಾನಿಕ್ ಹೇಳಿದರೆ ಎಳೆಯುವ ಬದಿಯ ಮಟ್ಟಿಗೆ ಆ ಮಾತಿಗೆ ಬೆಲೆಯಿಲ್ಲ.

ಇದನ್ನು ಪತ್ತೆಹಚ್ಚಲು ಇಳಿಜಾರೇ ನಮ್ಮ ಮೊದಲ ಉಪಕರಣ. ಒಂದು ರಾತ್ರಿ ಲಾರಿಯ ಮೂತಿ ಮೇಲಾಗಿ ನಿಲ್ಲಿಸಿ, ಇನ್ನೊಂದು ರಾತ್ರಿ ಮೂತಿ ಕೆಳಗಾಗಿ ನಿಲ್ಲಿಸಿ, ಗಾಲಿಗಳಿಗೆ ಕಲ್ಲು ಕೊಟ್ಟು ಭದ್ರಪಡಿಸಿ. ಮೂತಿ ಮೇಲಿದ್ದ ಬೆಳಿಗ್ಗೆ ಹ್ಯಾಂಡ್ ಪಂಪು ಒತ್ತದೆ ಸ್ಟಾರ್ಟ್ ಆಗದೆ, ಮೂತಿ ಕೆಳಗಿದ್ದ ಬೆಳಿಗ್ಗೆ ಒಂದೇ ಸೆಲ್ಫಿಗೆ (ಸ್ಟಾರ್ಟರ್ ಮೋಟಾರಿಗೆ) ಹತ್ತಿಕೊಂಡರೆ, ರಾತ್ರಿ ಗಾಳಿ ಒಳನುಸುಳಿ ಪೈಪಿನ ಡೀಸೆಲ್ ಟ್ಯಾಂಕಿಗೆ ಹಿಂದಿರುಗುತ್ತಿದೆ ಎಂದು ಖಚಿತ. ಮೂತಿ ಕೆಳಗಿದ್ದ ರಾತ್ರಿ ಟ್ಯಾಂಕ್ ತುಂಬಿದ್ದರೆ ಸೋರುವ ಜಾಗದಲ್ಲಿ ಸ್ವಲ್ಪ ಒದ್ದೆಯೂ ಕಾಣಬಹುದು. ಆ ಒದ್ದೆಯನ್ನು ಕಾಣಿಸುವಂತೆ ಮಾಡಲು ನಾನು ಬಳಸುವುದು ವೀಳ್ಯದೆಲೆಗೆ ಹಚ್ಚುವ ಸುಣ್ಣ. ಪ್ರತಿ ಜೋಡಣೆಯನ್ನು ಒರೆಸಿ, ತೆಳುವಾಗಿ ಸುಣ್ಣ ಬಳಿದು ಒಣಗಲು ಬಿಡಿ. ಬೆಳಿಗ್ಗೆ ಡೀಸೆಲ್ ಜಿನುಗಿದ ಕಡೆ ಬಿಳಿಯ ಮೇಲೆ ಕಪ್ಪು ಕಲೆ ಮೂಡಿರುತ್ತದೆ. ನೋಡಿದ ಮೇಲೆ ಜೋಡಣೆ ಬಿಚ್ಚುವ ಮುನ್ನ ಸುಣ್ಣವನ್ನು ಪೂರ್ತಿ ಒರೆಸಿ ತೆಗೆಯಿರಿ, ಒಂದು ಕಣವೂ ಪೈಪಿನೊಳಗೆ ಹೋಗಕೂಡದು.

ಎರಡನೆಯ ಉಪಕರಣ ಒಂದು ಅಡಿ ಉದ್ದದ, ಡೀಸೆಲ್ ತಡೆಯುವ ಪಾರದರ್ಶಕ ಕೊಳವೆ. ಅದನ್ನು ಫೀಡ್ ಪಂಪಿನ ಒಳಬಾಯಿಗೆ ಸೇರುವ ಕಡೆ, ಕ್ಲಿಪ್ಪುಗಳಿಂದ ಬಿಗಿದು, ಸೈಲೆನ್ಸರ್ ಪೈಪಿಗೆ ತಾಗದಂತೆ ಜೋಡಿಸಿ. ಎಂಜಿನ್ ಸ್ಟಾರ್ಟ್ ಆದ ಮೊದಲ ಎರಡು ನಿಮಿಷ ಗುಳ್ಳೆ ಬಂದರೆ ಚಿಂತೆಯಿಲ್ಲ, ನಾವೇ ಬಿಚ್ಚಿದಾಗ ಸೇರಿದ ಗಾಳಿ ಅದು. ಐದು ನಿಮಿಷದ ನಂತರವೂ ಮುತ್ತಿನ ಸರದಂತೆ ಗುಳ್ಳೆ ಹರಿಯುತ್ತಿದ್ದರೆ ಗಾಳಿ ಕೊಳವೆಗಿಂತ ಹಿಂದೆ, ಟ್ಯಾಂಕಿನ ಕಡೆಯಿಂದ ಬರುತ್ತಿದೆ. ಗುಳ್ಳೆಯೇ ಇಲ್ಲದೆ ಕೊಳವೆ ಚಪ್ಪಟೆಯಾಗಲು ನೋಡುತ್ತಿದ್ದರೆ ಗಾಳಿಯಲ್ಲ, ಅಡಚಣೆ ಇದೆ. ಡೀಸೆಲ್ ಶುದ್ಧವಾಗಿ ಹರಿಯುತ್ತಿದ್ದೂ ಎಂಜಿನ್ ಕುಗ್ಗಿದರೆ ತಪ್ಪು ಮುಂದಿನ ಭಾಗದಲ್ಲಿದೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಹೇಳುವ ಇನ್ನೊಂದು ಪರೀಕ್ಷೆ ನನಗೆ ಗೊತ್ತಿಲ್ಲ; ಆ ಕೊಳವೆಯನ್ನು ತೊಂದರೆ ಮತ್ತೆ ಬರುವವರೆಗೂ ಕೆಲವು ದಿನ ಹಾಗೆಯೇ ಬಿಟ್ಟು, ಎಂಜಿನ್ ಕುಗ್ಗಿದ ಕೂಡಲೇ ಬಾನೆಟ್ ತೆರೆದು ನೋಡುವುದು ಉತ್ತಮ.

ಗಾಳಿ ನುಸುಳುವ ಜಾಗಗಳು ಕೆಲವೇ. ಚಾಸಿಸ್ಸಿಗೆ ಉಜ್ಜಿ ತೆಳುವಾದ ಪೈಪು, ಬಿಸಿಲು ಮತ್ತು ವಯಸ್ಸಿಗೆ ಗಡುಸಾಗಿ ಸಣ್ಣ ಸಣ್ಣ ಬಿರುಕು ಬಿಟ್ಟ ರಬ್ಬರ್ ಹೋಸ್, ಪೈಪನ್ನು ಕೂಡಿಸುವ ಟೊಳ್ಳು ಬೋಲ್ಟಾದ ಬ್ಯಾಂಜೋ ಬೋಲ್ಟಿನ ಎರಡೂ ಬದಿಯ ತಾಮ್ರದ ವಾಶರುಗಳು, ಫೀಡ್ ಪಂಪಿನ ಕೆಳಗಿನ ಜಾಲರಿ ಬಟ್ಟಲಿನ ಸೀಲ್, ಮತ್ತು ಎಲ್ಲರೂ ಮರೆಯುವ ಹ್ಯಾಂಡ್ ಪ್ರೈಮರ್. ಒತ್ತಿದ ಮೇಲೆ ಅದರ ಹಿಡಿಯನ್ನು ತಿರುಗಿಸಿ ಬಿಗಿಯದಿದ್ದರೆ, ಅಥವಾ ಅದರ ಒಳಗಿನ ರಬ್ಬರ್ ರಿಂಗ್ ಸವೆದಿದ್ದರೆ, ಅಲ್ಲಿಂದಲೇ ಗಾಳಿ ಒಳಗೆ. ರೋಗ ವಾಸಿ ಮಾಡಲು ಬಳಸುವ ಸಾಧನವೇ ರೋಗಕ್ಕೆ ಕಾರಣವಾಗುವುದನ್ನು ನಾನು ಎರಡು ಮೂರು ಗಾಡಿಗಳಲ್ಲಿ ಕಂಡಿದ್ದೇನೆ. ತಾಮ್ರದ ವಾಶರನ್ನು ಬಿಚ್ಚಿದಾಗಲೆಲ್ಲ ಹೊಸದನ್ನು ಹಾಕಬೇಕು. ಊರಿನ ಅಂಗಡಿಯಲ್ಲಿ ಸಿಗದಿದ್ದರೆ ಹಳೆಯದನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ತಾಮ್ರ ಮೆತ್ತಗಾಗಿ ಇನ್ನೊಮ್ಮೆ ಕೂರುತ್ತದೆ. ಉಕ್ಕಿಗೆ ಇದು ಉಲ್ಟಾ, ತಾಮ್ರಕ್ಕೆ ಹೀಗೆಯೇ ಸರಿ. ಬ್ಯಾಂಜೋ ಬೋಲ್ಟನ್ನು ಇನ್ನೂ ಬಿಗಿ, ಇನ್ನೂ ಬಿಗಿ ಎಂದು ತಿರುಗಿಸುವುದರಿಂದ ಸೋರಿಕೆ ನಿಲ್ಲುವುದಿಲ್ಲ. ಟೊಳ್ಳು ಬೋಲ್ಟಾದ್ದರಿಂದ ಕತ್ತು ಮುರಿಯುತ್ತದೆ.

ಟ್ಯಾಂಕಿನ ಕಡೆಯಿಂದ ಒತ್ತಡ ಕೊಟ್ಟು ಸಾಬೂನು ನೀರಿನಲ್ಲಿ ನೋಡುವ ವಿಧಾನವೂ ಇದೆ. ಮಾಡುವುದಾದರೆ ಸೈಕಲ್ ಪಂಪಿನಿಂದ ಎರಡು ಮೂರು ಸಲ ಮೆಲ್ಲನೆ ಒತ್ತಿದರೆ ಸಾಕು. ಪಂಕ್ಚರ್ ಅಂಗಡಿಯ ಕಂಪ್ರೆಸರನ್ನು ಟ್ಯಾಂಕಿಗೆ ಎಂದಿಗೂ ಜೋಡಿಸಬೇಡಿ, ಟ್ಯಾಂಕ್ ಉಬ್ಬಿ ಬೆಸುಗೆ ಬಿಡುತ್ತದೆ.

ಐದು ಲೀಟರಿನ ಕ್ಯಾನ್

ಗುಳ್ಳೆಯೂ ಕಾಣದೆ, ಕಾರಣವೂ ಸಿಗದೆ ಇದ್ದಾಗ ವ್ಯವಸ್ಥೆಯನ್ನು ಎರಡು ತುಂಡು ಮಾಡಿ ನೋಡಬೇಕು. ಶುದ್ಧವಾದ ಐದು ಲೀಟರ್ ಕ್ಯಾನಿಗೆ ಸೋಸಿದ ಡೀಸೆಲ್ ತುಂಬಿಸಿ, ಫೀಡ್ ಪಂಪಿಗಿಂತ ಎತ್ತರದಲ್ಲಿ, ಎಗ್ಸಾಸ್ಟ್ ಮ್ಯಾನಿಫೋಲ್ಡಿನಿಂದ ದೂರ, ಕ್ಯಾಬಿನ್ನಿನ ಹೊರಗೆ ಗಟ್ಟಿಯಾಗಿ ಕಟ್ಟಿ. ಟ್ಯಾಂಕಿನ ಪೈಪನ್ನು ಕಳಚಿ ಬಾಯಿ ಮುಚ್ಚಿ, ಕ್ಯಾನಿನಿಂದ ಹೊಸ ಹೋಸನ್ನು ಫೀಡ್ ಪಂಪಿಗೆ ಜೋಡಿಸಿ. ರಿಟರ್ನ್ ಪೈಪನ್ನೂ ಇದೇ ಕ್ಯಾನಿಗೆ ತನ್ನಿ, ಇಲ್ಲದಿದ್ದರೆ ಪಂಪು ಮರಳಿಸುವ ಡೀಸೆಲ್ಲೆಲ್ಲ ಟ್ಯಾಂಕಿಗೆ ಹೋಗಿ ಕ್ಯಾನ್ ಬೇಗನೆ ಬರಿದಾಗುತ್ತದೆ; ರಿಟರ್ನಿನ ತುದಿ ಹೀರುವ ತುದಿಯಿಂದ ದೂರವಿರಲಿ. ಕ್ಯಾನಿನ ಮುಚ್ಚಳಕ್ಕೆ ಒಂದು ಉಸಿರುರಂಧ್ರ ಬೇಕು. ಹೆದ್ದಾರಿ 66ರಲ್ಲಿ ಈ ಪ್ರಯೋಗ ಬೇಡ, ಕೋರೆಯ ಒಳದಾರಿಯ ಏರಿನಲ್ಲಿ, ಲೋಡ್ ಹಾಕಿಕೊಂಡು, ತೊಂದರೆ ಬರುತ್ತಿದ್ದ ಅದೇ ಸ್ಥಿತಿಯಲ್ಲಿ ನಾಲ್ಕೈದು ಸಲ ಏರಿಸಿ ನೋಡಿ. ಕ್ಯಾನಿನಲ್ಲಿ ಚೆನ್ನಾಗಿ ಓಡಿದರೆ ಟ್ಯಾಂಕ್ ಮತ್ತು ಪೈಪಿನ ಕಡೆಗೆ ಹಿಂದಿರುಗಿ, ಮತ್ತೆ ಹುಡುಕಿ. ಕ್ಯಾನಿನಲ್ಲೂ ಅದೇ ರೋಗ ಬಂದರೆ ಟ್ಯಾಂಕಿನ ಮೇಲಿನ ಆರೋಪ ಮುಗಿಯಿತು.

ಫೀಡ್ ಪಂಪು, ಫಿಲ್ಟರ್, ಓವರ್‌ಫ್ಲೋ ವಾಲ್ವ್

ಫೀಡ್ ಪಂಪಿನೊಳಗೆ ಸ್ಪ್ರಿಂಗ್ ಕುಳಿತ ಎರಡು ಸಣ್ಣ ವಾಲ್ವುಗಳಿವೆ. ಒಂದು ಮರಳಿನ ಕಣ ಅವುಗಳಲ್ಲೊಂದರ ಕೆಳಗೆ ಸಿಕ್ಕಿಕೊಂಡರೆ ಪಂಪು ಎಳೆಯುವುದಿಲ್ಲ, ಕಣ ಕಳಚಿದರೆ ಮತ್ತೆ ಎಳೆಯುತ್ತದೆ. ಬಂದುಹೋಗುವ ತೊಂದರೆಗೆ ಇದಕ್ಕಿಂತ ಹೇಳಿಮಾಡಿಸಿದ ಕಾರಣ ಬೇರೆ ಬೇಕಿಲ್ಲ. ಹ್ಯಾಂಡ್ ಪಂಪು ಒತ್ತುವಾಗ ಕೈಗೆ ಒಮ್ಮೆ ಗಟ್ಟಿ, ಒಮ್ಮೆ ಟೊಳ್ಳು ಎನಿಸಿದರೆ ಈ ವಾಲ್ವುಗಳನ್ನು ಬಿಚ್ಚಿ, ಡೀಸೆಲ್ಲಿನಲ್ಲಿ ತೊಳೆದು, ಕೂರುವ ಜಾಗ ಸವೆದಿದೆಯೇ ನೋಡಿ. ಜಾಲರಿ ಬಟ್ಟಲನ್ನು ತೊಳೆಯುವುದೂ ಈಗಲೇ. ಗೇಜ್ ಸಿಗುವುದಾದರೆ ಫಿಲ್ಟರಿನ ನಂತರ, ಇಂಜೆಕ್ಷನ್ ಪಂಪಿನ ಒಳಬಾಯಿಯಲ್ಲಿ ಒತ್ತಡ ಅಳೆಯಿರಿ: ಇಂತಹ ಹೆಚ್ಚಿನ ಪಂಪುಗಳಲ್ಲಿ 1ರಿಂದ 1.5 ಬಾರ್ ಆಸುಪಾಸು ಇರುತ್ತದೆ, ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದ ಅಂಕಿಯೇ ಅಂತಿಮ. ಖಾಲಿ ನಿಂತಾಗ ಸರಿಯಿದ್ದ ಒತ್ತಡ ಎಂಜಿನ್ನಿಗೆ ಭಾರ ಬಿದ್ದಾಗ ಕುಸಿದರೆ ಫಿಲ್ಟರ್ ಕಟ್ಟಿದೆ ಅಥವಾ ಫೀಡ್ ಪಂಪು ಸೋತಿದೆ. ಫಿಲ್ಟರಿನ ಮೊದಲು ಮತ್ತು ನಂತರ ಎರಡೂ ಕಡೆ ಅಳೆದರೆ ಯಾವುದೆಂದು ತಿಳಿಯುತ್ತದೆ.

ಫಿಲ್ಟರನ್ನು ಬದಲಾಯಿಸಿ ಹಳೆಯದನ್ನು ಎಸೆಯುವವರು ಸಾಕ್ಷಿಯನ್ನೇ ಎಸೆಯುತ್ತಾರೆ. ಅದನ್ನು ಗರಗಸದಿಂದ ಕತ್ತರಿಸಿ, ಕಾಗದದ ಮಡಿಕೆಗಳನ್ನು ಬಿಡಿಸಿ ಬಿಸಿಲಿಗೆ ಹಿಡಿದು ನೋಡಿ. ಕೆಂಪು ಪುಡಿ ತುಕ್ಕು ಅಥವಾ ಕೋರೆಯ ಧೂಳು, ಕಪ್ಪು ಲೋಳೆ ಜೀವಿಗಳು, ಕಪ್ಪು ರಬ್ಬರಿನ ಚೂರು ಒಳಗಿನಿಂದ ಕರಗುತ್ತಿರುವ ಹೋಸ್, ಮಿನುಗುವ ಲೋಹದ ಕಣ ಫೀಡ್ ಪಂಪಿನ ಸವೆತ. ಹೊರಗೆ ಚೆನ್ನಾಗಿ ಕಾಣುವ ಹಳೆಯ ಹೋಸಿನ ಒಳಪದರ ಎದ್ದು, ಎಳೆತ ಹೆಚ್ಚಾದಾಗ ಬಾಗಿಲಿನಂತೆ ದಾರಿ ಮುಚ್ಚುವುದುಂಟು. ಇದನ್ನು ಹೊರಗಿನಿಂದ ಕಂಡುಹಿಡಿಯಲಾಗದು. ಹತ್ತು ವರ್ಷ ದಾಟಿದ ಹೋಸನ್ನು ಪರೀಕ್ಷಿಸುತ್ತಾ ಕೂರುವ ಬದಲು ಹೊಸದು ಹಾಕುವುದೇ ಲೇಸು.

ಪಂಪಿನ ಹೆಚ್ಚಿನ ಡೀಸೆಲ್ಲನ್ನು ಟ್ಯಾಂಕಿಗೆ ಮರಳಿಸುವ ಓವರ್‌ಫ್ಲೋ ವಾಲ್ವಿನ ಸ್ಪ್ರಿಂಗ್ ಸೋತಿದ್ದರೆ ಡೀಸೆಲ್ ಸಿಲಿಂಡರಿಗೆ ಹೋಗುವ ಬದಲು ಸುಲಭದ ದಾರಿ ಹಿಡಿದು ಟ್ಯಾಂಕಿಗೆ ಮರಳುತ್ತದೆ. ರಿಟರ್ನಿನ ರಬ್ಬರ್ ಹೋಸನ್ನು ಎಂಜಿನ್ ವೇಗ ಹೆಚ್ಚಿರುವಾಗ ಕೆಲವೇ ಸೆಕೆಂಡು ಚಿವುಟಿ ಹಿಡಿಯಿರಿ. ತಕ್ಷಣ ಎಳೆತ ಬಂದರೆ ವಾಲ್ವ್ ಬದಲಾಯಿಸಿ. ಅದರ ಬದಲು ಸಾಮಾನ್ಯ ಬೋಲ್ಟ್ ಹಾಕಿಟ್ಟ ಗಾಡಿಗಳೂ ನಮ್ಮಲ್ಲಿವೆ.

ಗಾಳಿ ತೆಗೆಯುವ ಸರಿಯಾದ ಕ್ರಮ

ಮೇಲಿನ ಯಾವುದನ್ನು ಬಿಚ್ಚಿದರೂ ಕೊನೆಗೆ ಗಾಳಿ ತೆಗೆಯಬೇಕು, ಅದನ್ನು ಅರ್ಧಂಬರ್ಧ ಮಾಡಿದರೆ ನಾವೇ ಹೊಸ ಬಂದುಹೋಗುವ ತೊಂದರೆಯನ್ನು ಸೃಷ್ಟಿಸಿದಂತೆ. ಮೊದಲು ಫಿಲ್ಟರಿನ ತಲೆಯ ಸ್ಕ್ರೂ ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಹ್ಯಾಂಡ್ ಪಂಪು ಒತ್ತಿ, ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿಯಿರಿ. ಎರಡು ಫಿಲ್ಟರುಗಳಿದ್ದರೆ ಟ್ಯಾಂಕಿನ ಕಡೆಯದು ಮೊದಲು. ನಂತರ ಇಂಜೆಕ್ಷನ್ ಪಂಪಿನ ಬದಿಯ ಸ್ಕ್ರೂ, ಅದೇ ರೀತಿ. ಆ ಮೇಲೂ ಸ್ಟಾರ್ಟ್ ಆಗದಿದ್ದರೆ ನೋಝಲ್ ತುದಿಯ ಪೈಪ್ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ, ಸೆಲ್ಫ್ ಹೊಡೆದು ಡೀಸೆಲ್ ಚಿಮ್ಮಿದ ಕೂಡಲೇ ಬಿಗಿಯಿರಿ. ಸೆಲ್ಫನ್ನು ಒಂದೇ ಸಮನೆ ಹದಿನೈದು ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ, ನಡುವೆ ಒಂದು ನಿಮಿಷ ಬಿಡಿ. ನೋಝಲ್ ಚಿಮ್ಮಿಸುವ ಡೀಸೆಲ್ಲಿನ ಒತ್ತಡ 200 ಬಾರ್ ಆಸುಪಾಸಿನದ್ದು. ಅದು ಚರ್ಮವನ್ನು ಸೀಳಿ ಒಳಹೋಗುತ್ತದೆ. ಹಾಗೆ ಹೋದ ಗಾಯ ಹೊರಗಿನಿಂದ ಸೂಜಿ ಚುಚ್ಚಿದಷ್ಟೇ ಕಂಡರೂ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು.

ಕೊನೆಗೆ ಇಂಜೆಕ್ಷನ್ ಪಂಪು

ಕ್ಯಾನಿನಲ್ಲೂ ರೋಗ ಉಳಿದು, ಒಳಬಾಯಿಯ ಒತ್ತಡ ಸರಿಯಿದ್ದು, ಗಾಳಿಯೂ ಇಲ್ಲದಿದ್ದರೆ ಮಾತ್ರ ಪಂಪು ಮತ್ತು ನೋಝಲ್‌ಗಳ ಸರದಿ. ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಒಂದೊಂದೇ ಪೈಪಿನ ನಟ್ಟನ್ನು ಪಂಪಿನ ತುದಿಯಲ್ಲಿ, ಬಟ್ಟೆ ಸುತ್ತಿ, ಕನ್ನಡಕ ಹಾಕಿಕೊಂಡು ಸಡಿಲಿಸಿ ನೋಡಿ. ಸಡಿಲಿಸಿದರೂ ಎಂಜಿನ್ನಿನ ಸದ್ದು ಬದಲಾಗದ ಸಿಲಿಂಡರ್ ಮೊದಲೇ ಕೆಲಸ ಮಾಡುತ್ತಿರಲಿಲ್ಲ. ಆ ನೋಝಲನ್ನು ಪಕ್ಕದ ಸಿಲಿಂಡರಿಗೆ ಬದಲಿಸಿ ಹಾಕಿದಾಗ ತಪ್ಪೂ ಜೊತೆಗೆ ಹೋದರೆ ನೋಝಲ್ ಕೆಟ್ಟಿದೆ. ಹೋಗದಿದ್ದರೆ ತಪ್ಪು ಪಂಪಿನೊಳಗೆ ಆ ಸಿಲಿಂಡರಿಗೆ ಡೀಸೆಲ್ ಒತ್ತುವ ಎಲಿಮೆಂಟಿನದ್ದು ಅಥವಾ ಅದರ ಡೆಲಿವರಿ ವಾಲ್ವಿನದ್ದು, ಅಥವಾ ಆ ಸಿಲಿಂಡರಿನ ಕಂಪ್ರೆಷನ್ನಿನದ್ದು. ಎಂಜಿನ್ ಆಯಿಲ್ ಮಟ್ಟ ತಾನಾಗಿ ಏರುತ್ತಾ ಡೀಸೆಲ್ ವಾಸನೆ ಬರುತ್ತಿದ್ದರೆ ಫೀಡ್ ಪಂಪಿನ ಕಡ್ಡಿಯ ಸೀಲಿನಿಂದಲೋ ಪಂಪಿನ ಎಲಿಮೆಂಟಿನಿಂದಲೋ ಡೀಸೆಲ್ ಒಳಗೆ ಇಳಿಯುತ್ತಿದೆ. ಆ ಲಾರಿಯನ್ನು ಹಾಗೆಯೇ ಓಡಿಸಿದರೆ ಬೇರಿಂಗ್ ಹೋಗುತ್ತದೆ.

ಪಂಪನ್ನು ಇಳಿಸುವ ಮೊದಲು ಎಂಜಿನ್ನಿನ ಟೈಮಿಂಗ್ ಗುರುತು, ಕಪ್ಲಿಂಗ್ ಮತ್ತು ಫ್ಲ್ಯಾಂಜಿನ ಸ್ಥಾನ ಎರಡಕ್ಕೂ ಉಳಿಯಿಂದ ಗೆರೆ ಹಾಕಿ, ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ, ಬಿಚ್ಚಿದ ಪ್ರತಿ ಬಾಯಿಯನ್ನೂ ಶುದ್ಧ ಪ್ಲಾಸ್ಟಿಕ್ಕಿನಿಂದ ಮುಚ್ಚಿ. ಮಂಗಳೂರಿಗೋ ಕಾಸರಗೋಡಿಗೋ ಪಂಪು ಕಳುಹಿಸುವಾಗ ‘ಪಂಪು ಸರಿಯಿಲ್ಲ’ ಎಂದಷ್ಟೇ ಹೇಳಿ ಕಳುಹಿಸಬೇಡಿ. ಟ್ಯಾಂಕಿನ ಮಟ್ಟ, ಕ್ಯಾನಿನ ಪರೀಕ್ಷೆ, ಒಳಬಾಯಿಯ ಒತ್ತಡ, ಯಾವ ಸಿಲಿಂಡರ್ ತಪ್ಪುತ್ತಿದೆ, ಬಿಸಿಯಾದಾಗಲೋ ತಣ್ಣಗಿದ್ದಾಗಲೋ ಎಂಬುದನ್ನೆಲ್ಲ ನೋಟ್‌ಬುಕ್ಕಿನಿಂದ ಒಂದು ಹಾಳೆಗೆ ಇಳಿಸಿ ಪಂಪಿನ ಜೊತೆಗೆ ಕಟ್ಟಿ ಕಳುಹಿಸಿ. ಪಂಪು ಮರಳಿ ಬಂದ ಮೇಲೆ ಟ್ಯಾಂಕ್ ತುಂಬಿಸದೆ, ಕಾಲು ಭಾಗ ಡೀಸೆಲ್‌ನಲ್ಲಿ, ಪೂರ್ತಿ ಲೋಡ್‌ನಲ್ಲಿ, ಅದೇ ಚಡವಿನಲ್ಲಿ ಮೊದಲ ಬಾರಿ ಏರಿಸಿ ನೋಡಿ.